ನೇರಳೆ ಬಣ್ಣದ ಹಿಮ

ಹಿಮ ಯಾವಾಗ ಬೀಳುತ್ತದೆ ಎಂದು ಮುಂಚೆಯೇ ಹೇಳುವುದು ನನ್ನ ಹೊಟ್ಟೆಪಾಡು ಎಂದರೆ ಚಿತ್ರದುರ್ಗದ ನನ್ನ ಬಂಧುಗಳು ಈಗಲೂ ನಗುತ್ತಾರೆ. ಮಳೆಯೇ ನೆಟ್ಟಗೆ ಬಾರದ ಊರಿನವನು ಹಿಮದ ವಿಷಯ ಏನು ಹೇಳಿಯಾನು ಎಂಬ ನಗು ಅದು. ಆ ನಗುವಿನಲ್ಲಿ ನನ್ನದೂ ಪಾಲಿದೆ. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ, ಜರ್ಮನಿಗೆ ಬಂದು ಇನ್ನಷ್ಟು ಓದಿ, ಈಗ ಹ್ಯಾನೋವರ್‌ನ ಒಂದು ಸಣ್ಣ ಖಾಸಗಿ ಕಚೇರಿಯಲ್ಲಿ ಕೂತು ಬಾಲ್ಟಿಕ್ ಸಮುದ್ರದ ತೀರಕ್ಕೆ ಚಳಿಗಾಲದ ಮುನ್ಸೂಚನೆ ಬರೆಯುತ್ತೇನೆ. ರಸ್ತೆಗೆ ಉಪ್ಪು ಚೆಲ್ಲುವವರು, ಶಾಲೆಯ ಬಸ್ಸು ಓಡಿಸುವವರು, ಸೇತುವೆ ಮುಚ್ಚುವವರು ಅದನ್ನು ಓದುತ್ತಾರೆ. ಸಮುದ್ರ ನಮ್ಮ ಕಚೇರಿಯಿಂದ ರೈಲಿನಲ್ಲಿ ಅರ್ಧ ಹಗಲಿನ ದೂರ. ನಾನು ಬರೆಯುವ ಹಿಮವನ್ನು ನಾನು ನೋಡುವುದು ಅಪರೂಪ.

ಇದು ಎಷ್ಟು ದೊಡ್ಡ ವಿಷಯ ಎನ್ನುವುದು ನನಗೆ ಹೊಳೆದದ್ದು ಇತ್ತೀಚಿನ ಒಂದು ಸಂಕ್ರಾಂತಿಯ ವಾರದಲ್ಲಿ, ಡಾಕ್ಟರ ದೆಸೆಯಿಂದ.

ಡಾಕ್ಟರು ಗದಗಿನ ಕಡೆಯವರು. ಜರ್ಮನಿಗೆ ಬಂದು ದಶಕಗಳಾದವು. ಇಲ್ಲಿನ ಆಸ್ಪತ್ರೆಗಳಲ್ಲಿ ಹೃದಯದ ಕಾಯಿಲೆ ನೋಡುತ್ತಲೇ ವಯಸ್ಸಾಗಿ, ನಿವೃತ್ತರಾದ ಮೇಲೆ ಜರ್ಮನ್ ಹೆಂಡತಿಯ ಊರಿಗೆ ಹೋಗಿ ನೆಲೆಸಿದ್ದಾರೆ. ಆ ಊರಿರುವುದು ಸಮುದ್ರದೊಳಕ್ಕೆ ಚಾಚಿಕೊಂಡ ತೆಳ್ಳನೆಯ ನೆಲದ ತುದಿಯಲ್ಲಿ. ಒಂದು ಕಡೆ ಬಾಲ್ಟಿಕ್, ಇನ್ನೊಂದು ಕಡೆ ಜೊಂಡು ಬೆಳೆದ ಹಿನ್ನೀರು, ನಡುವೆ ಒಂದೇ ಒಂದು ರಸ್ತೆ. ಹ್ಯಾನೋವರ್‌ನ ಯುಗಾದಿ ಕೂಟವೊಂದರಲ್ಲಿ ಮೊದಲ ಸಲ ಸಿಕ್ಕಾಗ ನನ್ನ ಕೆಲಸ ಏನೆಂದು ಕೇಳಿ, ಹಾಗಾದರೆ ನಮ್ಮಿಬ್ಬರದೂ ಒಂದೇ ಧಂದೆ, ಮುಂದಾಗುವುದನ್ನು ಹೇಳಿ ಬೈಸಿಕೊಳ್ಳುವುದು ಎಂದಿದ್ದರು. ಆಮೇಲೆ ಅವರ ಮೂತ್ರಪಿಂಡಗಳು ಕೈಕೊಟ್ಟವು. ಈಗ ಮಂಗಳವಾರ, ಗುರುವಾರ, ಶನಿವಾರ ಅದೇ ರಸ್ತೆಯಲ್ಲಿ ಒಳನಾಡಿನ ಪಟ್ಟಣಕ್ಕೆ ಹೋಗಿ ಡಯಾಲಿಸಿಸ್ ಯಂತ್ರಕ್ಕೆ ತೋಳು ಕೊಟ್ಟು ಕೂರಬೇಕು. ಶನಿವಾರದ ಸರದಿ ತಪ್ಪಿದರೆ ಮುಂದಿನದು ಮಂಗಳವಾರ. ಅವರ ಹೃದಯವೂ ಗಟ್ಟಿಯಿಲ್ಲ. ಅಷ್ಟು ದಿನ ರಕ್ತದಲ್ಲಿ ಪೊಟ್ಯಾಸಿಯಂ ಸೇರುತ್ತ ಹೋದರೆ ಅಂಥ ಹೃದಯಕ್ಕೆ ಏನಾಗಬಹುದು ಎಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಹಿಮಗಾಳಿ ಎದ್ದರೆ ಆ ರಸ್ತೆ ಮುಚ್ಚುತ್ತದೆ. ಅಂಥ ಗಾಳಿಯಲ್ಲಿ ಹೆಲಿಕಾಪ್ಟರ್ ಕೂಡ ಹಾರುವುದಿಲ್ಲ.

ಆ ವಾರ ಬುಧವಾರ ಬೆಳಿಗ್ಗೆ ಅವರ ಫೋನು ಬಂತು. ಶನಿವಾರ ಹಿಮ ಬರಬಹುದು ಎಂದು ರೇಡಿಯೋದಲ್ಲಿ ಕೇಳಿದ್ದರು. ಶುಕ್ರವಾರವೇ ಹೊರಟು ಡಯಾಲಿಸಿಸ್ ಕೇಂದ್ರದ ಪಕ್ಕದ ಪೆನ್ಸಿಯೋನ್ ಎಂಬ ಸಣ್ಣ ವಸತಿಗೃಹದಲ್ಲಿ ಕೋಣೆ ಹಿಡಿದು ಮಲಗಬೇಕೋ, ಮನೆಯಲ್ಲೇ ಇರಬೇಕೋ ಎಂಬುದು ಪ್ರಶ್ನೆ. ಮನೆಯಲ್ಲಿರಲು ಅವರಿಗೆ ಮನಸ್ಸು. ಹಿಂದಿನ ಚಳಿಗಾಲ ನನ್ನ ಮಾತು ಕೇಳಿ ಅದೇ ಪೆನ್ಸಿಯೋನ್‌ಗೆ ಹೋಗಿ ಕೂತಿದ್ದರು, ಅವತ್ತು ಒಂದು ಚೂರೂ ಹಿಮ ಬೀಳಲಿಲ್ಲ. ಬಿಸಿಲು ಬಿದ್ದಿತ್ತು. ಮೆತ್ತಗಿನ ಹಾಸಿಗೆಯಿಂದ ಬಂದ ಬೆನ್ನುನೋವು ಮಾತ್ರ ವಾರಗಟ್ಟಲೆ ಉಳಿದಿತ್ತು. ಅಂದಿನಿಂದ ನಾನು ಅವರ ಬಾಯಲ್ಲಿ ಸುಳ್ಳು ಹಿಮದವನು.

“ಹಿಮ ಬರ್ತದೋ ಇಲ್ಲೋ, ಅಷ್ಟು ಹೇಳು ತಮ್ಮಾ. ಪರ್ಸೆಂಟೇಜ್ ಹೇಳಬ್ಯಾಡ. ನಾನೂ ಪೇಷಂಟ್ ಮಂದಿಗೆ ಅದನ್ನ ಹೇಳಿ ಹೇಳಿ ಸುಮ್ಮನಾಗಿಸಿದಾಂವ. ಅದರ ಹಕೀಕತ್ತು ನನಗ ಗೊತ್ತದ.”

ಶುಕ್ರವಾರ ಮಧ್ಯಾಹ್ನದೊಳಗೆ ಹೇಳುತ್ತೇನೆ ಎಂದೆ.

ಇಲ್ಲಿ ಬಾಲ್ಟಿಕ್ ತೀರದ ಹಿಮದ ಬಗ್ಗೆ ಸ್ವಲ್ಪ ಹೇಳಬೇಕು. ಜನವರಿಯಲ್ಲಿ ರಷ್ಯಾ ಕಡೆಯಿಂದ ಒಣ ಚಳಿಗಾಳಿ ಬರುತ್ತದೆ. ಅದರಲ್ಲಿ ಹಿಮ ಮಾಡುವಷ್ಟು ತೇವ ಇರುವುದಿಲ್ಲ. ಆದರೆ ಸಮುದ್ರ ಇನ್ನೂ ಬೇಸಿಗೆಯ ಶಾಖವನ್ನು ಪೂರ್ತಿ ಬಿಟ್ಟುಕೊಟ್ಟಿರುವುದಿಲ್ಲ. ಆ ಚಳಿಗಾಳಿ ನೀರಿನ ಮೇಲೆ ದೂರ ಹಾದು ಬರುವಾಗ ಒಲೆಯ ಮೇಲಿಟ್ಟ ಪಾತ್ರೆಯ ಆವಿಯಂತೆ ತೇವ ಮೇಲೇಳುತ್ತದೆ, ಮೋಡಗಳು ಹಗ್ಗದಂತೆ ಸಾಲುಗಟ್ಟುತ್ತವೆ. ಆ ಹಗ್ಗದ ತುದಿ ಯಾವ ಊರಿಗೆ ತಾಗಿತೋ ಅಲ್ಲಿ ಮೊಣಕಾಲುದ್ದ ಹಿಮ. ಪಕ್ಕದ ಊರಿನಲ್ಲಿ ಬಟ್ಟೆ ಒಣಗಿಸಬಹುದಾದ ಬಿಸಿಲು. ಚಿತ್ರದುರ್ಗದ ಮೇ ತಿಂಗಳ ಮಳೆಯೂ ಹೀಗೆಯೇ. ಬಸ್ ಸ್ಟ್ಯಾಂಡಿನಲ್ಲಿ ಜನ ತೊಯ್ದು ತೊಪ್ಪೆಯಾಗಿರುತ್ತಾರೆ, ಸಂತೇಪೇಟೆಯಲ್ಲಿ ಧೂಳು ಹಾರುತ್ತಿರುತ್ತದೆ. ಬಾಲ್ಟಿಕ್‌ನಲ್ಲಿ ಇನ್ನೊಂದು ತೊಡಕುಂಟು. ಅದೇ ಬೆಚ್ಚಗಿನ ಸಮುದ್ರ ದಂಡೆಯ ಗಾಳಿಯನ್ನು ಒಂದಿಷ್ಟು ಹೆಚ್ಚು ಕಾಯಿಸಿಬಿಟ್ಟರೆ ಹಿಮದ ಬದಲು ಅರ್ಧ ಕರಗಿದ ಹಿಮದ ಕೆಸರುಮಳೆ ಬೀಳುತ್ತದೆ. ಗಡಿಯಾರದ ಮುಳ್ಳು ಒಂದು ಗೆರೆ ಸರಿದಷ್ಟು ಗಾಳಿ ಹೊರಳಿದರೂ ಹಗ್ಗದ ತುದಿ ಒಂದು ಕೊಲ್ಲಿಯಿಂದ ಇನ್ನೊಂದು ಕೊಲ್ಲಿಗೆ ಸರಿದಿರುತ್ತದೆ.

ಕಂಪ್ಯೂಟರ್ ಒಂದೇ ದಿನದ ಹವೆಯನ್ನು ಸ್ವಲ್ಪ ಸ್ವಲ್ಪ ಬದಲಿಸಿ ಮತ್ತೆ ಮತ್ತೆ ಲೆಕ್ಕ ಹಾಕುತ್ತದೆ. ಆ ಬುಧವಾರ ಕೆಲವು ಲೆಕ್ಕಗಳಲ್ಲಿ ಹಗ್ಗ ಡಾಕ್ಟರ ರಸ್ತೆಯ ಮೇಲೆಯೇ ಮಲಗಿತ್ತು, ಕೆಲವದರಲ್ಲಿ ನೀರಿನ ಮೇಲೆಯೇ ಉಳಿದಿತ್ತು, ಇನ್ನು ಕೆಲವದರಲ್ಲಿ ಹಗ್ಗವೇ ಇರಲಿಲ್ಲ.

ನಮ್ಮ ಕಚೇರಿಯಲ್ಲಿ ಒಂದು ರೂಢಿಯಿದೆ. ಹಿರಿಯ ಸಹೋದ್ಯೋಗಿಯೊಬ್ಬರು, ಉತ್ತರದ ಕಡೆಯ ಜರ್ಮನ್ ಮಹಿಳೆ, ಅದನ್ನು ಶುರುಮಾಡಿದರಂತೆ. ಬೆಳಿಗ್ಗೆ ಪಾಳಿ ಬದಲಾಗುವಾಗ ಎಲ್ಲ ಪರದೆಗಳನ್ನೂ ಆರಿಸುತ್ತೇವೆ. ಹೋಗುವವನು ಬರುವವನಿಗೆ ಹವೆಯನ್ನು ಬರೀ ಬಾಯಿಮಾತಿನಲ್ಲಿ ಹೇಳಬೇಕು. ಬರುವವನು ಕೇಳಿಸಿಕೊಂಡು, ಇದು ಹಿಂದಿನ ಯಾವ ಸಲದ ಹಾಗಿದೆ ಎಂದು ಒಂದು ಹಳೆಯ ದಿನವನ್ನು ಹೆಸರಿಸಬೇಕು. ಪರದೆ ಹೊತ್ತಿಸುವುದು ಆಮೇಲೆ. ಕಣ್ಣು ಮೊದಲೇ ನಕ್ಷೆ ನೋಡಿಬಿಟ್ಟರೆ ತಲೆ ಸೋಮಾರಿಯಾಗುತ್ತದೆ ಎನ್ನುವುದು ಆ ಹಿರಿಯರ ನಂಬಿಕೆ. ಇದರಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಯಾವ ಗಾಳಿ ಹೇಳಿದರೂ ನನಗೊಂದು ಹಳೆಯ ದಿನ ಸಿಗುತ್ತಿತ್ತು. ನನ್ನ ನೆನಪಿನ ಮೇಲೆ ನನಗಿಂತ ಕಚೇರಿಯವರಿಗೇ ಹೆಚ್ಚು ಭರವಸೆ. ನನಗಾದರೋ ಸಣ್ಣಂದಿನಲ್ಲಿ ನಮ್ಮೂರ ಜೋಗಿಮಟ್ಟಿ ಬೆಟ್ಟದ ಗಾಳಿಯನ್ನು ನಾನು ನಿಜವಾಗಿ ಮೈಯಲ್ಲಿ ಅನುಭವಿಸಿದೆನೋ, ಇಲ್ಲ ಯಾರೋ ಹೇಳಿದ್ದನ್ನು ನನ್ನದು ಮಾಡಿಕೊಂಡೆನೋ ಎನ್ನುವ ಅನುಮಾನ ಸದಾ ಇದ್ದದ್ದೇ. ಆದರೂ ಕೆಲಸದ ನೆನಪುಗಳನ್ನು ಎಂದೂ ಅನುಮಾನಿಸಿರಲಿಲ್ಲ. ಅವು ಓದಿದ ವಿದ್ಯೆಗೆ ಸೇರಿದವು, ಹಾಗಾಗಿ ಗಟ್ಟಿ ಎಂದುಕೊಂಡಿದ್ದೆ.

ಗುರುವಾರ ಬೆಳಿಗ್ಗೆ ಪರದೆಗಳು ಆರಿದವು. ಹಿರಿಯ ಸಹೋದ್ಯೋಗಿ ಪಾಳಿ ಮುಗಿಸುತ್ತ ಹೇಳಿದರು: ಈಶಾನ್ಯದ ಗಾಳಿ, ಎತ್ತರದಲ್ಲಿ ಕಡು ಚಳಿ, ಸಮುದ್ರ ಇನ್ನೂ ಬೆಚ್ಚಗೆ, ಶನಿವಾರದ ಹೊತ್ತಿಗೆ ಗಾಳಿ ಉತ್ತರಕ್ಕೆ ಹೊರಳುತ್ತದೆ. ಅವರು ಮಾತು ಮುಗಿಸುವ ಮೊದಲೇ ನನಗೆ ದಿನ ಸಿಕ್ಕಿತು. ಎರಡು ಚಳಿಗಾಲದ ಹಿಂದಿನ ಫೆಬ್ರವರಿಯ ಒಂದು ಭಾನುವಾರ. ಆ ದಿನ ಹಿಮದ ಹಗ್ಗ ತೀರಕ್ಕೆ ಸಮೀಪ ಬಂದು, ಗಾಳಿ ಹೊರಳಿದ ಕೂಡಲೇ ಅಲ್ಲೇ ನೀರಿನ ಮೇಲೆ ತಡೆದು ನಿಂತುಬಿಟ್ಟಿತ್ತು. ಡಾಕ್ಟರ ತೆಳು ನೆಲ ಪೂರ್ತಿ ಬಚಾವಾಗಿತ್ತು. ಅದನ್ನು ನಾನು ಅಷ್ಟು ಸ್ಪಷ್ಟವಾಗಿ ಬಣ್ಣಿಸಿದೆನೆಂದರೆ ಹಿರಿಯರು ತಲೆದೂಗಿದರು. ತಮಗೆ ಆ ದಿನ ನೆನಪಿಲ್ಲ, ರಜೆಯಲ್ಲಿದ್ದಿರಬೇಕು ಎಂದರು.

ಮಧ್ಯಾಹ್ನ ಡಾಕ್ಟರು ಡಯಾಲಿಸಿಸ್ ಮುಗಿಸಿ ಮನೆಗೆ ಹೊರಟಾಗ ಕಾರಿನಿಂದಲೇ ಫೋನು ಮಾಡಿದರು. ಕೊನೆಯ ಮಾತು ನಾಳೆ ಹೇಳುತ್ತೇನೆ, ಆದರೆ ಮನೆಯಲ್ಲಿದ್ದರೆ ನಡೆದೀತು ಅನ್ನಿಸುತ್ತದೆ ಎಂದೆ, ಫೆಬ್ರವರಿಯ ಕತೆಯನ್ನೂ ಹೇಳಿದೆ. ಅವರಿಗೆ ಬಹಳ ಖುಷಿಯಾಯಿತು. ಶನಿವಾರ ಸಂಕ್ರಾಂತಿ. ಯಂತ್ರದಿಂದ ಮನೆಗೆ ಬಂದ ಮೇಲೆ ತಮ್ಮ ಕಡೆಯ ಹಬ್ಬದ ಸಿಹಿ ಮಾದ್ಲಿ ಮಾಡಿ ನೆರೆಯವರನ್ನು ಕರೆಯಲು ಗಂಡ ಹೆಂಡತಿ ಯೋಚಿಸಿದ್ದರು. ಆ ಫೆಬ್ರವರಿಯಲ್ಲಿ ತಾವಿಬ್ಬರೂ ಗದಗಿನಲ್ಲಿದ್ದೆವು, ಆಗ ಕಿಡ್ನಿ ಇನ್ನೂ ಮಾತು ಕೇಳುತ್ತಿತ್ತು ಎಂದು ನಕ್ಕರು.

ಸಂಜೆ ಮನೆಯಲ್ಲಿ ಎಳ್ಳು ಬೀರುವುದಕ್ಕೆ ಕೊಬ್ಬರಿ ಹೆಚ್ಚುತ್ತಿದ್ದೆವು. ನನ್ನ ಹೆಂಡತಿ ಮೈಸೂರಿನವಳು, ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ. ಕೊಬ್ಬರಿಯ ಚೂರುಗಳು ಒಂದೇ ಅಳತೆಗೆ ಇರಬೇಕು ಅವಳಿಗೆ. ಡಾಕ್ಟರಿಗೆ ಹೇಳಿದ್ದನ್ನು ಅವಳಿಗೂ ಹೇಳುತ್ತಿದ್ದೆ. ಕೊಲ್ಲಿಯ ಬಾಯಲ್ಲಿ ಹಿಮ ಹೇಗೆ ಗೋಡೆಯ ಹಾಗೆ ನಿಂತಿತ್ತು, ಅದರ ಅಂಚು ಎಷ್ಟು ಹರಿತವಾಗಿತ್ತು ಎಂದೆಲ್ಲ. ಅವಳು ಚಾಕು ನಿಲ್ಲಿಸಿದಳು.

“ಆ ಸಂಡೇನಾ? ಅವತ್ತು ನಾವು ಮ್ಯಾನ್‌ಹೈಮ್‌ನಲ್ಲಿ ಇದ್ವಿ ಕಣೋ. ನಿನ್ನ ಫ್ರೆಂಡ್ ಗೃಹಪ್ರವೇಶ. ಹಾಲು ಉಕ್ಕಿಸೋಕೆ ಹೋಗಿ ಸ್ಮೋಕ್ ಅಲಾರಂ ಹೊಡ್ಕೊಳ್ತಲ್ಲ.”

ಅಲಾರಂ ನನಗೂ ನೆನಪಿತ್ತು. ಪುರೋಹಿತರು ಮಂತ್ರ ನಿಲ್ಲಿಸಿ ಕುರ್ಚಿ ಹತ್ತಿ ಅದನ್ನು ಬಿಚ್ಚಿದ್ದರು. ಆದರೆ ಅದೂ ಇದೂ ಒಂದೇ ದಿನ ಎಂದು ನನಗೆ ಅನ್ನಿಸಿರಲೇ ಇಲ್ಲ. ಕಚೇರಿಯಿಂದ ನೋಡಿದ್ದಿರಬೇಕು ಎಂದೆ. ಕಚೇರಿಯಲ್ಲೂ ಇರಲಿಲ್ಲ, ಶುಕ್ರವಾರದಿಂದ ಮಂಗಳವಾರದವರೆಗೆ ರಜೆ ಹಾಕಿದ್ದೆ ಎಂದು ಅವಳು ನೆನಪಿಸಿದಳು. ಮತ್ತೆ, ಕೆಣಕುವ ದನಿಯಲ್ಲಿ ಕೇಳಿದಳು: “ಸರಿ, ನೋಡ್ದೆ ಅಂತೀಯಲ್ಲ, ಎಲ್ಲಿ ನಿಂತ್ಕೊಂಡು ನೋಡ್ದೆ?”

ನಾನು ಕಣ್ಣು ಮುಚ್ಚಿ ಆ ಹಿಮವನ್ನು ಎದುರಿಗೆ ತಂದುಕೊಂಡೆ. ಸುಲಭವಾಗಿ ಬಂತು. ಕೊಲ್ಲಿ, ತೀರದ ಗೆರೆ, ನೀರಿನ ಮೇಲೆ ತಡೆದು ನಿಂತ ಹಿಮ. ಅದನ್ನು ನಾನು ಮೇಲಿನಿಂದ ನೋಡುತ್ತಿದ್ದೆ. ಉತ್ತರ ದಿಕ್ಕು ಮೇಲುಗಡೆಗೆ ಇತ್ತು. ಹಿಮ ನೇರಳೆ ಬಣ್ಣದ್ದಾಗಿತ್ತು.

ನಮ್ಮ ಕಚೇರಿಯ ನಕ್ಷೆಗಳಲ್ಲಿ ಹಗುರ ಹಿಮಕ್ಕೆ ತಿಳಿನೀಲಿ, ಜೋರು ಹಿಮಕ್ಕೆ ನೇರಳೆ.

ನನಗೆ ನಗು ಬಂತು, ಆಮೇಲೆ ಸ್ವಲ್ಪ ಹೆದರಿಕೆಯಾಯಿತು. ರಜೆಗೆ ಹೋಗುವ ಮೊದಲಿನ ವಾರವೆಲ್ಲ ನಾನು ಆ ಭಾನುವಾರದ ಮುನ್ಸೂಚನೆಯನ್ನು ನೋಡಿರಬೇಕು. ದಿನಕ್ಕೆ ಹಲವು ಬಾರಿ ಹೊಸ ಲೆಕ್ಕ ಬರುತ್ತದೆ, ಪ್ರತಿ ಸಲವೂ ಅದೇ ಕೊಲ್ಲಿ, ಅದೇ ನೇರಳೆ ಗೋಡೆ. ಬಾರಿ ಬಾರಿ ಕಂಡದ್ದರಿಂದ ಅದು ಆಗಿಹೋದ ಸಂಗತಿಯಾಗಿ ತಲೆಯಲ್ಲಿ ಕೂತುಬಿಟ್ಟಿದೆ. ನಿಜಕ್ಕೂ ಆದದ್ದನ್ನು ನಾನು ನೋಡಲೇ ಇಲ್ಲ. ಬೇರೆಯವರು ಹೀಗೆ ಕನಸನ್ನು ನೆನಪೆಂದು ತಿಳಿಯುತ್ತಾರೇನೋ. ನಮ್ಮ ಕಸುಬಿನವನು ಮಾತ್ರ ಬೀಳಬಹುದಾಗಿದ್ದ ಹಿಮವನ್ನು ಬಿದ್ದ ಹಿಮವೆಂದು ಜೋಪಾನ ಮಾಡಿಟ್ಟುಕೊಳ್ಳುತ್ತಾನೆ. ಇನ್ನೆಷ್ಟು ಹಳೆಯ ದಿನಗಳು ಹೀಗೆ ನೇರಳೆ ಬಣ್ಣದವು ಎಂದು ನೆನಪಿನಲ್ಲಿ ತಡಕಾಡತೊಡಗಿದೆ. ಒಂದೆರಡು ಸಿಕ್ಕವು. ಹೆಂಡತಿ ಎಳ್ಳು ಬೆರೆಸಿ ಮುಗಿಸುವವರೆಗೂ ತಡಕಾಡುತ್ತಲೇ ಇದ್ದೆ. ಮಗಳು ಬಂದು ಅಪ್ಪ ಯಾಕೆ ಸುಮ್ಮನೆ ಕೂತಿದ್ದಾರೆ ಎಂದು ಜರ್ಮನ್‌ನಲ್ಲಿ ಕೇಳಿದ್ದಕ್ಕೆ, ಇವರು ಇಲ್ಲದ ಊರಿಗೆ ಹೋಗಿ ಬಂದಿದ್ದಾರಂತೆ ಎಂದು ಹೆಂಡತಿ ಕನ್ನಡದಲ್ಲಿ ಉತ್ತರ ಕೊಟ್ಟಳು.

ಶುಕ್ರವಾರ ಬೆಳಿಗ್ಗೆ ಹಿರಿಯ ಸಹೋದ್ಯೋಗಿಗೆ ವಿಷಯ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಅವರು ಕುತೂಹಲದಿಂದ ಕುರ್ಚಿ ಎಳೆದುಕೊಂಡು ಕೂತರು. ಹಾಗಾದರೆ ಆ ಭಾನುವಾರ ನಿಜವಾಗಿ ಏನಾಗಿತ್ತು ಎಂದು ಇಬ್ಬರೂ ಹುಡುಕಿದೆವು. ರೇಡಾರ್ ಚಿತ್ರದಲ್ಲಿ ಏನೂ ಇರಲಿಲ್ಲ. ಅದರಿಂದ ಏನೂ ಸಾಬೀತಾಗುವುದಿಲ್ಲ. ಬಾಲ್ಟಿಕ್‌ನ ಹಿಮಮೋಡಗಳು ಬಹಳ ಕುಳ್ಳು, ದೂರದ ರೇಡಾರಿನ ಕಿರಣ ಅವುಗಳ ತಲೆಯ ಮೇಲಿಂದ ಹಾದುಹೋಗುತ್ತದೆ. ಹಿಮ ಅಳೆಯುವ ಹತ್ತಿರದ ಕೇಂದ್ರ ಇರುವುದು ಕೊಲ್ಲಿಯ ಆಚೆ ಬದಿಗೆ. ನಾನು ಡಾಕ್ಟರ ಮನೆಗೆ ಫೋನು ಮಾಡಿ ಅವರ ಹೆಂಡತಿಯನ್ನು ಕೇಳಿದೆ, ನೆರೆಯವರಿಗೆ ಆ ದಿನ ನೆನಪಿದೆಯೇ ವಿಚಾರಿಸುತ್ತೀರಾ ಎಂದು. ಆಕೆ ಎರಡು ಮನೆಗೆ ಹೋಗಿ ಬಂದರು. ಸೊಂಟದವರೆಗೂ ಬಿದ್ದಿತ್ತು, ನಾನೇ ಸಲಿಕೆ ಹಿಡಿದಿದ್ದೆ ಎಂದು ಒಬ್ಬರು ಹೇಳಿದರಂತೆ. ಆ ವರ್ಷ ಹಿಮವೇ ಬೀಳಲಿಲ್ಲ, ಮೊಮ್ಮಗಳ ಸ್ಲೆಡ್ಜ್ ಹೊರಗೆ ತೆಗೆಯಲಿಲ್ಲ ಎಂದು ಇನ್ನೊಬ್ಬರು. ಇಬ್ಬರ ಮನೆಗಳ ನಡುವೆ ಇರುವುದು ಒಂದೇ ಬೇಲಿ.

ಹಿರಿಯರು ಕನ್ನಡಕ ಒರೆಸಿಕೊಳ್ಳುತ್ತ, ಗೊತ್ತಿಲ್ಲ ಎಂಬುದೇ ಇವತ್ತಿನ ಮುನ್ಸೂಚನೆ ಎಂದರು. ಹೊಸ ಲೆಕ್ಕಗಳೂ ಬುಧವಾರದ ಹಾಗೆಯೇ ಮೂರು ದಾರಿ ಹಿಡಿದಿದ್ದವು. ರಸ್ತೆಗೆ ಉಪ್ಪು ಹಾಕುವವರಿಗೆ ನಾವು ‘ಸಾಧ್ಯತೆ’ ಎಂದು ಬರೆದು ಕೈತೊಳೆದುಕೊಳ್ಳಬಹುದು. ಡಾಕ್ಟರಿಗೆ ಅದು ಸಾಲದು.

ಮಧ್ಯಾಹ್ನಕ್ಕೆ ಮೊದಲೇ ಫೋನು ಮಾಡಿದೆ. ನಿನ್ನೆ ಹೇಳಿದ ಫೆಬ್ರವರಿಯ ಕತೆ ಕತೆಯಷ್ಟೇ, ಅದನ್ನು ನಾನು ಕಂಡದ್ದು ನಕ್ಷೆಯಲ್ಲಿ, ನಿಜಕ್ಕೆ ಏನಾಯಿತೋ ತಿಳಿಯದು, ದಯವಿಟ್ಟು ಅದನ್ನು ನಂಬಿ ಮನೆಯಲ್ಲಿ ಇರಬೇಡಿ ಎಂದೆ. ಆ ಕಡೆ ಚಮಚದಿಂದ ಏನನ್ನೋ ಕಲಕುವ ಸಪ್ಪಳ ಕೇಳಿತು.

“ಅಂದ್ರ ನೀ ನೋಡಲಾರದ್ದನ್ನ ನೋಡೀನಿ ಅಂದಿ.”

“ಹೌದು ಡಾಕ್ಟ್ರೇ.”

“ಬೇಕಂತ?”

“ಇಲ್ಲ. ನಿಜವಾಗಲೂ ನೋಡಿದ್ದೆ ಅಂದ್ಕೊಂಡಿದ್ದೆ.”

“ಹ್ಞೂಂ. ನಮ್ಮಲ್ಲೂ ಇದ್ದದ್ದ ಅದು. ಎಕ್ಸ್‌ರೇ ನೋಡಿದ್ದು ನೆನಪಿರ್ತದ, ಮಾರಿ ನೆನಪಿರೂದಿಲ್ಲ.” ಮತ್ತೆ ಕಲಕುವ ಸಪ್ಪಳ. “ಈಗ ಒಂದು ಹೇಳು. ನೀ ನನ್ನ ಜಾಗಾದಾಗ ಇದ್ದಿದ್ರ ಏನು ಮಾಡ್ತಿದ್ದಿ? ನನ್ನ ಪೇಷಂಟ್ ಎಲ್ಲಾರೂ ಕಡೀಕ ಇದನ್ನ ಕೇಳ್ತಿದ್ರು.”

“ಹೊರಡ್ತಿದ್ದೆ. ಬೆನ್ನು ನೋವಾದ್ರೂ ಹೊರಡ್ತಿದ್ದೆ.”

“ನೀನೂ ಬಾ ಹಂಗಾದ್ರ. ಹೋದ ವರ್ಷ ಒಬ್ಬನ ಬಿಸಲಾಗ ಕೂತಿದ್ದೆ. ಈ ಸಲ ಇಬ್ಬರೂ ಕೂಡೋಣು.”

ಮರುದಿನ ಶನಿವಾರ, ನನಗೆ ರಜೆ. ಹೆಂಡತಿ ಎಳ್ಳಿನ ಡಬ್ಬಿ ಕೊಡುತ್ತ ಒಂದು ಕ್ಷಣ ಅನುಮಾನಿಸಿದಳು. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ; ಡಯಾಲಿಸಿಸ್ ರೋಗಿ ಮುಟ್ಟಬಾರದ್ದನ್ನೆಲ್ಲ ಒಟ್ಟುಗೂಡಿಸಿ ಹಬ್ಬ ಮಾಡಿದ ಹಾಗಿತ್ತು ಆ ಡಬ್ಬಿ. ಆದರೂ ಕೊಟ್ಟಳು, ಡಾಕ್ಟರಲ್ವಾ, ಅವರಿಗೇ ಗೊತ್ತಿರತ್ತೆ ಎಂದು. ನಾನು ಶುಕ್ರವಾರ ಮಧ್ಯಾಹ್ನದ ರೈಲನ್ನೇ ಹತ್ತಿದೆ. ಹ್ಯಾಂಬರ್ಗ್ ದಾಟುವವರೆಗೂ ಆಕಾಶ ತೊಳೆದಿಟ್ಟ ಹಾಗಿತ್ತು. ಫೋನಿನಲ್ಲಿ ನಕ್ಷೆ ತೆರೆಯಬೇಕೆಂಬ ಚಟವನ್ನು ತಡೆದುಕೊಂಡೆ. ಒಂದು ಸಲವಾದರೂ ಮೊದಲು ಹಿಮ ನೋಡಿ ಆಮೇಲೆ ನಕ್ಷೆ ನೋಡೋಣ ಅನ್ನಿಸಿತು.

ಡಾಕ್ಟರು ಸಂಜೆ ಪೆನ್ಸಿಯೋನ್‌ನ ಹಜಾರದಲ್ಲಿ ಕಾದಿದ್ದರು, ಮಂಗನ ಟೋಪಿ ಹಾಕಿಕೊಂಡು. ಅವರ ಹೆಂಡತಿ ಕಾರಿನಲ್ಲಿ ಬಿಟ್ಟು ಮನೆಗೆ ವಾಪಸ್ಸು ಹೋಗಿದ್ದರು. ಮನೆ ತಣ್ಣಗೆ ಬಿಟ್ಟರೆ ಹಳೆಯ ಕೊಳಾಯಿಗಳು ಒಡೆಯುತ್ತವೆ. ನನ್ನನ್ನು ನೋಡಿದೊಡನೆ, ಬಾರಪಾ ಬಿಸಿಲಿನ ಜೋಡಿ ಎಂದರು. ಆಚೆ ನೋಡಿದರೆ ನಕ್ಷತ್ರಗಳು ಮೂಡತೊಡಗಿದ್ದವು. ಹಾಸಿಗೆ ನಿಜಕ್ಕೂ ಬಹಳ ಮೆತ್ತಗಿತ್ತು.

ಬೆಳಿಗ್ಗೆ ಎದ್ದಾಗ ಕೋಣೆಯಲ್ಲಿ ಒಂದು ಬಗೆಯ ಮೌನವಿತ್ತು. ಕಿಟಕಿಯ ಪರದೆ ಸರಿಸಿದೆ. ಎದುರಿನ ಸೈಕಲ್ ಸ್ಟ್ಯಾಂಡಿನಲ್ಲಿ ಸೈಕಲ್‌ಗಳ ಹ್ಯಾಂಡಲ್‌ಗಳು ಮಾತ್ರ ಕಾಣುತ್ತಿದ್ದವು. ಹಿಮ ಬೀಳುತ್ತಿತ್ತು ಎನ್ನುವುದಕ್ಕಿಂತ ಅಡ್ಡಡ್ಡ ಹಾಯುತ್ತಿತ್ತು. ನನಗೆ ಮೊದಲು ಬಂದದ್ದು ಹೆಮ್ಮೆ. ಆ ರಸ್ತೆ ಮುಚ್ಚಿರಲೇಬೇಕು, ಡಾಕ್ಟರನ್ನು ಹೊರಡಿಸಿದ್ದು ಸಾರ್ಥಕವಾಯಿತು ಎಂದುಕೊಂಡು ಅವರ ಬಾಗಿಲು ತಟ್ಟಿದೆ. ಅವರು ಫೋನಿನಲ್ಲಿ ಹೆಂಡತಿಯ ಜೊತೆ ಜರ್ಮನ್‌ನಲ್ಲಿ ಮಾತಾಡುತ್ತಿದ್ದರು, ಭುಜ ಕುಣಿಸಿಕೊಂಡು ನಗುತ್ತಿದ್ದರು. ಫೋನನ್ನು ನನ್ನ ಕಡೆ ತಿರುಗಿಸಿದರು. ಪರದೆಯಲ್ಲಿ ಅವರ ಅಂಗಳ, ಅಂಗಳದ ತುಂಬ ಬಿಸಿಲು. ಅಲ್ಲಿ ಒಂದು ಹಳುಕೂ ಬಿದ್ದಿರಲಿಲ್ಲ.

ಹಗ್ಗದ ತುದಿ ನಾವು ಮಲಗಿದ್ದ ಪಟ್ಟಣಕ್ಕೇ ಬಂದು ತಾಗಿತ್ತು. ನಾನು ಅವರನ್ನು ಬಿಸಿಲಿನಿಂದ ಎಬ್ಬಿಸಿ ಹಿಮದೊಳಕ್ಕೆ ಕರೆತಂದಿದ್ದೆ.

“ಭಾಳ ಛಲೋ ನಿನ್ನ ಗುರಿ” ಎಂದರು ಡಾಕ್ಟರು ಟೋಪಿ ಏರಿಸುತ್ತ. “ನಾ ಎಲ್ಲಿ ಹೋಗ್ತೀನೋ ಅಲ್ಲೆ ಬೀಳ್ತದ.”

ಡಯಾಲಿಸಿಸ್ ಕೇಂದ್ರ ಪೆನ್ಸಿಯೋನ್‌ನಿಂದ ಒಂದು ಗೋಡೆಯಷ್ಟು ದೂರ. ಅಷ್ಟು ದಾರಿಗೇ ಅವರಿಗೆ ಏದುಸಿರು ಬಂತು. ನನ್ನ ತೋಳು ಹಿಡಿದು ಎರಡು ಸಲ ನಿಂತರು. ಒಳಗೆ ದೀಪ ಉರಿಯುತ್ತಿತ್ತು, ಆದರೆ ಬೆಳಗಿನ ಪಾಳಿಯ ನರ್ಸುಗಳು ಬಂದಿರಲಿಲ್ಲ. ಪಟ್ಟಣದ ಅಂಚಿನ ವೃತ್ತದಲ್ಲಿ ಒಂದು ಲಾರಿ ಅಡ್ಡ ತಿರುಗಿ ನಿಂತಿದೆ, ಅದರ ಹಿಂದೆ ಎಲ್ಲ ಕಾರುಗಳೂ ಸಿಕ್ಕಿಕೊಂಡಿವೆ ಎಂದು ಸ್ವಾಗತದ ಮೇಜಿನಾಕೆ ಹೇಳಿದಳು. ನಾವು ಕಾದೆವು. ಡಾಕ್ಟರು ತಮಾಷೆ ನಿಲ್ಲಿಸಿದ್ದರು. ಉಗುರುಗಳನ್ನು ನೋಡಿಕೊಳ್ಳುತ್ತಿದ್ದರು, ಆಗಾಗ ತಮ್ಮ ನಾಡಿ ತಾವೇ ಹಿಡಿಯುತ್ತಿದ್ದರು. ಹತ್ತಿರದಲ್ಲೇ ಮನೆಯಿದ್ದ ಒಬ್ಬ ನರ್ಸು, ಆ ದಿನ ರಜೆಯಲ್ಲಿದ್ದವಳು, ಮೊಣಕಾಲವರೆಗೆ ಒದ್ದೆಯಾಗಿ ನಡೆದು ಬಂದಳು. ಒಬ್ಬಳೇ ಆದ್ದರಿಂದ ಕೆಲವು ಯಂತ್ರಗಳನ್ನು ಮಾತ್ರ ನಡೆಸಬಹುದು, ಇಲ್ಲಿ ಇರುವವರನ್ನು ಮೊದಲು ಕೂರಿಸುತ್ತೇನೆ ಎಂದಳು. ಇದ್ದದ್ದು ಡಾಕ್ಟರು ಮತ್ತು ಪಟ್ಟಣದವರೇ ಇಬ್ಬರು ಮುದುಕಿಯರು. ಹೊರಗಿನಿಂದ ಬರಬೇಕಾದವರೆಲ್ಲ ಲಾರಿಯ ಹಿಂದೆಯೇ ಇದ್ದರು. ಅವರನ್ನು ಮರುದಿನ ಅಗ್ನಿಶಾಮಕ ದಳದವರು ಕರೆತಂದರಂತೆ. ಅವರಲ್ಲಿ ಇಬ್ಬರನ್ನು ಆಮೇಲೆ ಒಂದು ರಾತ್ರಿ ಆಸ್ಪತ್ರೆಯಲ್ಲಿ ಇಡಬೇಕಾಯಿತಂತೆ.

ಡಾಕ್ಟರು ಮನೆಯಲ್ಲಿ ಇದ್ದಿದ್ದರೆ ಬಿಸಿಲಿನ ರಸ್ತೆಯಲ್ಲಿ ಹಾಯಾಗಿ ಹೊರಟು, ಆ ಲಾರಿಯ ಹಿಂದೆ ಬಂದು ನಿಲ್ಲುತ್ತಿದ್ದರು. ಯಂತ್ರ ಗುಂಯ್ ಎನ್ನತೊಡಗಿದ ಮೇಲೆ ಇದನ್ನು ನಾನು ಹೇಳಿದೆ. ಅವರು ಆಗಲೇ ಯೋಚಿಸಿ ಮುಗಿಸಿದ್ದರು. ತಪ್ಪು ಕಾರಣ, ಸರಿ ಔಷಧ. ನಮ್ಮ ಕಸುಬಿನಲ್ಲಿ ಅರ್ಧ ರೋಗ ಹೀಗೇ ವಾಸಿಯಾಗುವುದು ಎಂದರು. ನನಗೆ ಸಮಾಧಾನವಾಗಲಿಲ್ಲ. ಕಾರಣ ತಪ್ಪಾಗಿದ್ದರೆ ನಾನು ಹೇಳಿದ್ದು ಮುನ್ಸೂಚನೆ ಹೇಗಾಯಿತು ಎಂದು ಕೇಳಿದೆ. ಆಗಲಿಲ್ಲ, ಬಿಡು, ಡಬ್ಬಿ ತೆಗೆ ಎಂದರು.

ಡಯಾಲಿಸಿಸ್‌ನವರಲ್ಲಿ ಒಂದು ಗುಟ್ಟಿನ ರೂಢಿಯಿದೆಯಂತೆ. ಯಂತ್ರಕ್ಕೆ ಕೂತ ಮೊದಲ ಹೊತ್ತಿನಲ್ಲಿ, ಮುಂದೆ ರಕ್ತ ಹೇಗೂ ತೊಳೆಯುತ್ತದೆ ಎಂಬ ಧೈರ್ಯದ ಮೇಲೆ, ನಿಷೇಧಿಸಿದ್ದನ್ನು ಒಂದು ತುತ್ತು ತಿನ್ನುವುದು. ಆಚೆಯ ಮುದುಕಿಯೊಬ್ಬಳು ಆಗಲೇ ಚೀಲದಿಂದ ಬಾಳೆಹಣ್ಣು ತೆಗೆದಿದ್ದಳು. ನರ್ಸು ನೋಡಿಯೂ ನೋಡದಂತೆ ಹೋದಳು. ಡಾಕ್ಟರು ಬಿಡುವಿದ್ದ ಕೈಯನ್ನು ಚಾಚಿದರು. ನಾನು ಚಿಟಿಕೆ ಎಳ್ಳು ಹಾಕಿದೆ. ಇನ್ನೊಂದು ಚೂರು ಕೊಬ್ಬರಿ ಎಂದರು. ಕೊಟ್ಟೆ. ಒಂದೊಂದೇ ಬಾಯಿಗಿಟ್ಟು ಬಹಳ ಹೊತ್ತು ಜಗಿದು, ನಿನ್ನ ಹೆಂಡತಿ ಕೈ ಅಳತೆಯದು, ಆಕೆಯನ್ನ ಮುನ್ಸೂಚನೆಗೆ ಕೂರಿಸಬೇಕಿತ್ತು ಎಂದು ಹೇಳಿ ನಿದ್ದೆ ಹೋದರು.

ನಾನು ಕೋಟು ಹಾಕಿಕೊಂಡು ಹೊರಗೆ ಬಂದೆ. ಇಷ್ಟು ವರ್ಷ ಈ ಹಿಮದ ಬಗ್ಗೆ ಬರೆದವನು ಅದರೊಳಗೆ ನಿಂತದ್ದು ಎಷ್ಟು ಸಲ ಎಂದು ಯೋಚಿಸಿದೆ. ನೆನಪಿಗೆ ಬಂದ ಯಾವುದನ್ನೂ ನಂಬುವ ಧೈರ್ಯವಾಗಲಿಲ್ಲ. ಹಾಗಾಗಿ ಎದುರಿಗೆ ಇದ್ದದ್ದನ್ನು ನೋಡಿದೆ. ಹಿಮಕ್ಕೆ ಅಂಚು ಇರಲಿಲ್ಲ. ಬಿಳಿಯೂ ಅಲ್ಲ, ಹಿಟ್ಟಿನ ಗಿರಣಿಯ ಬಲ್ಬಿನ ಸುತ್ತ ಇರುತ್ತದಲ್ಲ ಅಂಥ ಬಣ್ಣ. ರೆಪ್ಪೆಗೆ ಅಂಟಿದಾಗ ಚುಚ್ಚಿತು. ಒಂದು ನಾಯಿ ಎಲ್ಲೋ ಬೊಗಳಿತು, ಅದು ಹತ್ತಿರವೋ ದೂರವೋ ತಿಳಿಯಲಿಲ್ಲ. ಬಾಗಿಲ ಪಕ್ಕದ ಬೋರ್ಡಿನ ಒಂದು ಬದಿಗೆ ಮಾತ್ರ ಹಿಮ ಮೆತ್ತಿತ್ತು, ಗಾಳಿ ಆ ಕಡೆಯಿಂದ ಇರಬೇಕು. ಸಮುದ್ರ ಯಾವ ದಿಕ್ಕಿಗಿದೆ ಎಂದು ನನಗೆ ತಿಳಿಯಲಿಲ್ಲ. ಕಾಲು ಮರಗಟ್ಟುವವರೆಗೂ ಅಲ್ಲೇ ಇದ್ದೆ.

ಸೋಮವಾರ ಬೆಳಿಗ್ಗೆ ಕಚೇರಿಗೆ ಹೋಗುವ ದಾರಿಯಲ್ಲಿ ಡಾಕ್ಟರ ಹೆಂಡತಿ ಫೋನು ಮಾಡಿದರು. ರಕ್ತ ಪರೀಕ್ಷೆ ಸರಿಯಾಗಿದೆ, ಗಂಡ ನೆರೆಯವರಿಗೆಲ್ಲ ತಮ್ಮ ಮನೆಯ ರಸ್ತೆಯಲ್ಲೇ ಹಿಮ ಸೊಂಟದವರೆಗೆ ಬಿದ್ದಿತ್ತು ಎನ್ನುವ ಹಾಗೆ ಕತೆ ಹೇಳುತ್ತಿದ್ದಾರೆ, ಅಂದು ಮನೆಯಲ್ಲೇ ಇದ್ದ ನೆರೆಯವರೂ ಹೌದೆಂದು ತಲೆದೂಗುತ್ತಿದ್ದಾರೆ ಎಂದು ನಕ್ಕರು.

ಕಚೇರಿಯಲ್ಲಿ ಪರದೆಗಳು ಆರಿದವು. ಶನಿವಾರದ್ದನ್ನು ನೀನೇ ಹೇಳು ಎಂದರು ಹಿರಿಯರು. ಸೈಕಲ್ ಹ್ಯಾಂಡಲ್‌ಗಳು, ಬೋರ್ಡಿಗೆ ಮೆತ್ತಿದ ಹಿಮ, ನರ್ಸಿನ ಒದ್ದೆ ಪ್ಯಾಂಟು, ನಾಯಿ, ಡಾಕ್ಟರ ಅಂಗಳದ ಬಿಸಿಲು ಎಲ್ಲ ಹೇಳಿದೆ. ಹಗ್ಗ ಯಾವ ಕೋನದಲ್ಲಿ ತೀರಕ್ಕೆ ತಾಗಿತ್ತು ಎಂದು ಅವರು ಕೇಳಿದರು. ಗೊತ್ತಿಲ್ಲ, ನಾನು ಅದರ ಒಳಗಿದ್ದೆ ಎಂದೆ. ಅವರು ನಕ್ಷೆ ತೆರೆಯಲು ಪರದೆಯ ಗುಂಡಿಗೆ ಕೈ ಚಾಚಿದರು. ಇನ್ನು ಸ್ವಲ್ಪ ಹೊತ್ತು ಬೇಡ, ಈ ಕಾಫಿ ಮುಗಿಯುವವರೆಗಾದರೂ ಹಾಗೇ ಇರಲಿ ಎಂದು ಕೇಳಿಕೊಂಡೆ.